ಧಾತು, ಸಂಯುಕ್ತ, ಮಿಶ್ರಣ: ವ್ಯಾಖ್ಯೆಗಳನ್ನು ಕೊನೆಗೆ ತಳ್ಳಿ ಕಲಿಸಿದ ನನ್ನ ಅನುಭವ

ಈ ಪಾಠವನ್ನು ನಾವೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಮುಗಿಸುತ್ತೇವೆ. ಮೂರು ವ್ಯಾಖ್ಯೆ, ವ್ಯತ್ಯಾಸಗಳ ಒಂದು ಪಟ್ಟಿ, ಬಣ್ಣದ ಚುಕ್ಕೆಗಳಲ್ಲಿ ಅಣುಗಳ ಚಿತ್ರ, ಆಮೇಲೆ ‘ಉಪ್ಪು ಯಾವುದು, ಗಾಳಿ ಯಾವುದು, ಹಿತ್ತಾಳೆ ಯಾವುದು’ ಎಂಬ ಪ್ರಶ್ನೆ. ಉತ್ತರ ಸರಿಯಾಗಿಯೇ ಬರುತ್ತದೆ, ಏಕೆಂದರೆ ಪಟ್ಟಿಯಲ್ಲಿರುವುದನ್ನೇ ಕೇಳಿರುತ್ತೇವೆ. ಪಟ್ಟಿಯಲ್ಲಿಲ್ಲದ ಒಂದು ಬಿಳಿ ಪುಡಿಯನ್ನು ಮೇಜಿನ ಮೇಲಿಟ್ಟು ‘ಇದು ಮೂರರಲ್ಲಿ ಯಾವುದು, ಹೇಗೆ ಪತ್ತೆ ಮಾಡುತ್ತೀರಿ’ ಎಂದು ಕೇಳಿ ನೋಡಿ. ನನ್ನ ತರಗತಿಯಲ್ಲಿ ಹಲವು ವರ್ಷ ಆ ಪ್ರಶ್ನೆಗೆ ಒಂದು ಕೈಯೂ ಮೇಲೇಳಲಿಲ್ಲ.

ಹಾಗಾಗಿ ಕ್ರಮವನ್ನೇ ತಿರುವಿಹಾಕಿದೆ. ಮೊದಲು ಬೇರ್ಪಡಿಸುವುದು, ಆಮೇಲೆ ತೂಗುವುದು, ಹೆಸರು ಕೊನೆಗೆ. ಪರಮಾಣು ಎಂಬ ಮಾತು ಅಲ್ಲಿಯವರೆಗೆ ತರಗತಿಯೊಳಗೆ ಬರುವಂತಿಲ್ಲ. ಇದನ್ನು ಹೇಳಿದಾಗ ಸಹೋದ್ಯೋಗಿಗಳು ನಕ್ಕರು. ‘ಮೇಷ್ಟ್ರೇ, ಪರೀಕ್ಷೆಯಲ್ಲಿ ಕೇಳುವುದು ವ್ಯಾಖ್ಯೆಯನ್ನು, ನಿಮ್ಮ ತಕ್ಕಡಿಯನ್ನಲ್ಲ’ ಎಂದರು ಒಬ್ಬರು. ಪಾಠಗಳು ಹಿಂದೆ ಬೀಳುತ್ತವೆ ಎಂದರು ಇನ್ನೊಬ್ಬರು. ಮೊದಲ ವರ್ಷ ಬಿದ್ದದ್ದೂ ನಿಜ. ಈಗ ಅದೇ ಪರೀಕ್ಷೆಯಲ್ಲಿ ಮಕ್ಕಳು ವ್ಯಾಖ್ಯೆಯನ್ನು ತಮ್ಮದೇ ಮಾತಿನಲ್ಲಿ ಬರೆದು ಅಂಕ ತರುತ್ತಿದ್ದಾರೆ. ನಕ್ಕವರಲ್ಲಿ ಒಬ್ಬರು ಎರವಲು ಪಡೆದ ನನ್ನ ತಕ್ಕಡಿಯನ್ನು ಇನ್ನೂ ಹಿಂತಿರುಗಿಸಿಲ್ಲ. ಬರೆಯಲು ಇಷ್ಟು ಕಾರಣ ಸಾಕು.

ಬೇರ್ಪಡಿಸುವ ಭಾಗ ನಿಮಗೆ ಗೊತ್ತಿರುವುದೇ: ಮರಳು, ಉಪ್ಪು, ಕಬ್ಬಿಣದ ಪುಡಿ, ಅದಕ್ಕೆ ತಕ್ಕ ಆಯಸ್ಕಾಂತ, ಸೋಸುಕಾಗದ, ಆವೀಕರಣ. ನಾನು ಸೇರಿಸಿದ್ದು ಒಂದೇ ನಿಯಮ. ಒಳಗೆ ಹೋದದ್ದೆಲ್ಲ ತೂಕವಾಗಿ ಹೊರಗೆ ಬರಬೇಕು. ಐದು ಗ್ರಾಂ ಉಪ್ಪು ಹಾಕಿದ ಗುಂಪಿಗೆ ನಾಲ್ಕೂಮುಕ್ಕಾಲು ಸಿಕ್ಕಿದರೆ ಉಳಿದ ಕಾಲು ಗ್ರಾಂ ಎಲ್ಲಿ ಹೋಯಿತೆಂದು ಹೇಳಬೇಕು. ಕೊನೆಯಲ್ಲಿ ಉರಿ ಜೋರು ಮಾಡಿ ಉಪ್ಪು ಸಿಡಿಸಿಕೊಂಡಿರುತ್ತಾರೆ, ಅಥವಾ ಮರಳನ್ನು ಒಂದೇ ಸಲ ತೊಳೆದಿರುತ್ತಾರೆ. ಪ್ರತಿ ಗುಂಪಿಗೂ ಮೂರು ಪೊಟ್ಟಣ ಕೊಡುತ್ತೇನೆ. ಎರಡು ಸುಲಭವಾಗಿ ಬೇರೆಯಾಗುತ್ತವೆ. ಮೂರನೆಯದು ಆಯಸ್ಕಾಂತಕ್ಕೂ ನೀರಿಗೂ ಮಣಿಯುವುದಿಲ್ಲ, ಆದರೆ ಕಾಯಿಸಿದರೆ ಮಣಿಯುತ್ತದೆ. ಅದರಲ್ಲಿ ಏನಿರುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳೂ ಓದುತ್ತಾರೆ.

ತೊಂದರೆ ಆರಂಭವಾಗುವುದು ಎಲ್ಲರ ಮೆಚ್ಚಿನ ಕಬ್ಬಿಣ-ಗಂಧಕದ ಪ್ರಯೋಗದಲ್ಲಿ. ಪುಸ್ತಕದ ಪ್ರಕಾರ ಏಳು ಭಾಗ ಕಬ್ಬಿಣ, ನಾಲ್ಕು ಭಾಗ ಗಂಧಕ. ಕಾಯಿಸಿದರೆ ಬರುವ ಕಪ್ಪು ಗಟ್ಟಿ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟುತ್ತದೆ! ನನ್ನಲ್ಲಿ ಬಹುತೇಕ ಪ್ರತಿ ಸಲವೂ ಅಂಟಿತು. ಮೊದಲ ಸಂಶಯ ಒರಟು ಅರದ ಪುಡಿಯ ಮೇಲೆ. ಕಣದ ಹೊರಮೈ ಮಾತ್ರ ಸಲ್ಫೈಡ್ (ಕಬ್ಬಿಣ, ಗಂಧಕ ಕೂಡಿದ ಸಂಯುಕ್ತ) ಆಗಿ ಒಳಗೆ ಕಬ್ಬಿಣ ಹಾಗೆಯೇ ಉಳಿದಿರುತ್ತದೆ. ನಯವಾದ ಪುಡಿ ತರಿಸಿದೆ, ಹಣ ಹೆಚ್ಚಾಯಿತು, ಅಂಟುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಗಂಧಕದ ಒಂದು ಪಾಲು ಆವಿಯಾಗಿ ಪ್ರನಾಳದ ಬಾಯಲ್ಲಿ ಉರಿದು ಹೋಗುತ್ತಿತ್ತು. ಅದಕ್ಕೆ ಗಂಧಕವನ್ನು ಲೆಕ್ಕಕ್ಕಿಂತ ಹತ್ತನೇ ಒಂದು ಭಾಗದಷ್ಟು ಹೆಚ್ಚು ಹಾಕಿ, ಬಾಯಿಗೆ ಖನಿಜ ಉಣ್ಣೆಯ ಬಿರಡೆ ಇಟ್ಟೆ. ಆಗ ಬಂದ ಗಟ್ಟಿಯೂ ಬಲವಾದ ಆಯಸ್ಕಾಂತಕ್ಕೆ ಸ್ವಲ್ಪ ಎಳೆಯಿತು. ಇದಕ್ಕೆ ಮಾತ್ರ ನನ್ನ ಬಳಿ ಔಷಧಿ ಇಲ್ಲ, ಇರಬೇಕಾಗಿಯೂ ಇಲ್ಲ. ಕಬ್ಬಿಣದ ಸಲ್ಫೈಡ್‌ನಲ್ಲಿ ಕಬ್ಬಿಣ ಸ್ವಲ್ಪ ಕಡಿಮೆಯಾದ ರೂಪಗಳಿವೆ, ಪೈರೊಟೈಟ್ ಎಂಬ ಖನಿಜ ಅಂಥದ್ದೇ, ಅದರ ಒಂದು ಬಗೆ ತಾನೇ ಆಯಸ್ಕಾಂತಕ್ಕೆ ಸೆಳೆಯಲ್ಪಡುತ್ತದೆ. ‘ಆಯಸ್ಕಾಂತಕ್ಕೆ ಅಂಟಲಿಲ್ಲ, ಆದ್ದರಿಂದ ಸಂಯುಕ್ತ’ ಎಂದು ಬರೆಸುವುದನ್ನು ಅಂದಿನಿಂದ ಬಿಟ್ಟೆ.

ಹಣದ ಮಾತು. ಈ ಪ್ರಯೋಗದಲ್ಲಿ ಪ್ರತಿ ಸಲವೂ ಒಂದು ಪ್ರನಾಳ ಬಲಿ. ಗಟ್ಟಿ ಗಾಜಿಗೆ ಕಚ್ಚಿಕೊಳ್ಳುತ್ತದೆ, ಒಡೆದೇ ತೆಗೆಯಬೇಕು. ಹತ್ತು ಗುಂಪು ಎಂದರೆ ಹತ್ತು ಪ್ರನಾಳ, ಅದೂ ಕಾವು ತಡೆಯುವ ಒಳ್ಳೆಯ ಗಾಜಿನದು. ಈಗ ಬಯಲಿನಲ್ಲಿ, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ, ಒಂದು ಸೆರಾಮಿಕ್ ಬಿಲ್ಲೆಯ ಮೇಲೆ ಎರಡು ಚಮಚೆ ಪುಡಿಯನ್ನು ಸಣ್ಣ ದಿಬ್ಬವಾಗಿ ಸುರಿದು ಕೆಂಪಗೆ ಕಾದ ಸಲಾಕೆಯನ್ನು ಒಂದು ತುದಿಗೆ ಮುಟ್ಟಿಸುತ್ತೇನೆ. ಸಲಾಕೆ ತೆಗೆದ ಮೇಲೂ ಕೆಂಪು ಕಾವು ತಾನಾಗಿಯೇ ಇನ್ನೊಂದು ತುದಿಯವರೆಗೆ ಹರಿಯುತ್ತದೆ. ಗಾಜಿನ ಖರ್ಚು ಸೊನ್ನೆ, ನೋಟವೂ ಚೆನ್ನ. ಕಬ್ಬಿಣದ ಬದಲು ಸತುವಿನ ಪುಡಿ ಹಾಕಿದರೆ ಹೇಗೆ ಎನ್ನುವವರಿಗೆ ಒಂದೇ ಮಾತು: ಬೇಡ, ಅದು ಭುಗಿಲೇಳುತ್ತದೆ.

ಖರ್ಚು ಉಳಿಸಿದ ಹಣವನ್ನೆಲ್ಲ ತಕ್ಕಡಿಗೆ ಹಾಕಿದೆ. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಅಂಗೈ ಅಗಲದ ತಕ್ಕಡಿ ಸಾಕು. ಒಂದು ಸೀಸೆ ಸಿಲ್ವರ್ ನೈಟ್ರೇಟಿಗಿಂತ ಕಡಿಮೆಗೆ ಸಿಗುತ್ತದೆ. ಶಾಲೆಯ ಬೀರುವಿನಲ್ಲಿ ಬೀಗ ಹಾಕಿಟ್ಟ ದೊಡ್ಡ ತಕ್ಕಡಿಗಾಗಿ ಅರ್ಜಿ ಬರೆಯುತ್ತ ಕೂರಬೇಡಿ.

ಏಕೆಂದರೆ ಪಾಠ ನಿಜವಾಗಿ ನಿಲ್ಲುವುದು ಮೆಗ್ನೀಸಿಯಂ ಮೇಲೆ. ಆ ಲೋಹದ ತೆಳು ಪಟ್ಟಿಯನ್ನು ಸುರುಳಿ ಸುತ್ತಿ, ಮುಚ್ಚಳವಿರುವ ಮೂಸೆಯಲ್ಲಿಟ್ಟು ಸುಟ್ಟು, ಮೊದಲೂ ಆಮೇಲೂ ತೂಗುವುದು. ಮೂರು ಭಾಗ ಮೆಗ್ನೀಸಿಯಂ ಸುಮಾರು ಎರಡು ಭಾಗ ಆಮ್ಲಜನಕವನ್ನು ಹಿಡಿದುಕೊಂಡು ಐದಾಗಬೇಕು. ಆರಂಭದ ವರ್ಷಗಳಲ್ಲಿ 0.30 ಗ್ರಾಂ ಹಾಕಿದವರಿಗೆ 0.50ರ ಬದಲು 0.43, 0.45 ಬರುತ್ತಿತ್ತು. ಮುಚ್ಚಳ ಹೆಚ್ಚು ಎತ್ತಿದರೆ ಬಿಳಿ ಹೊಗೆಯಾಗಿ ಆಕ್ಸೈಡ್ ಹಾರಿಹೋಗುತ್ತದೆ, ಎತ್ತದಿದ್ದರೆ ಒಳಗೆ ಲೋಹ ಬೇಯದೆ ಉಳಿಯುತ್ತದೆ. ಇವೆರಡನ್ನೂ ಹದಕ್ಕೆ ತಂದ ಮೇಲೂ ತೂಕ ಕಡಿಮೆಯೇ ಬಂತು. ಕಳ್ಳ ಸಿಕ್ಕಿದ್ದು ಗಾಳಿಯಲ್ಲೇ. ಆಮ್ಲಜನಕ ಸಾಲದಾದಾಗ ಮೆಗ್ನೀಸಿಯಂ ಸಾರಜನಕದ ಜೊತೆಗೂ ಸೇರಿ ನೈಟ್ರೈಡ್ ಆಗುತ್ತದೆ, ಅದರಲ್ಲಿ ತೂಕದ ಏರಿಕೆ ಕಡಿಮೆ. ಮೂಸೆ ಪೂರ್ತಿ ತಣಿದ ಮೇಲೆ ನಾಲ್ಕೈದು ಹನಿ ನೀರು ಬಿಡಿ. ಅಮೋನಿಯದ ಘಾಟು ಬಂದರೆ ಕಳ್ಳ ಒಪ್ಪಿಕೊಂಡ ಹಾಗೆ. ಸಣ್ಣ ಉರಿಯಲ್ಲಿ ಒಣಗಿಸಿ, ಮತ್ತೆ ಚೆನ್ನಾಗಿ ಕಾಯಿಸಿ ತೂಗಿದರೆ 0.49 ಸಿಗುತ್ತದೆ. ಮುಚ್ಚಳವನ್ನು ಎಷ್ಟು ಹೊತ್ತಿಗೊಮ್ಮೆ, ಎಷ್ಟು ವಾರೆಯಾಗಿ ಎತ್ತಬೇಕು ಎಂಬುದರಲ್ಲಿ ಒಂದು ಕೈಚಳಕವಿದೆ. ಅದನ್ನು ನೀವೇ ಮೂಸೆ ಒಡೆದುಕೊಂಡು ಕಲಿಯಿರಿ, ನಾನು ಸಾಕಷ್ಟು ಒಡೆದಿದ್ದೇನೆ.

ಒಂದೊಂದು ಗುಂಪಿಗೂ ಬೇರೆ ಬೇರೆ ತೂಕದ ಪಟ್ಟಿ ಕೊಟ್ಟು, ಎಲ್ಲರ ಬಿಂದುಗಳನ್ನೂ ಹಲಗೆಯ ಮೇಲೆ ಒಂದೇ ನಕ್ಷೆಯಲ್ಲಿ ಹಾಕಿಸುತ್ತೇನೆ. ಒಂದು ಗುಂಪಿನ ಅಂಕಿ ಏನನ್ನೂ ಹೇಳುವುದಿಲ್ಲ. ಎಂಟು ಹತ್ತು ಬಿಂದುಗಳು ಒಂದು ಗೆರೆಯ ಮೇಲೆ ಬಂದು ಕೂತಾಗ, ಯಾರು ಎಷ್ಟೇ ಹಾಕಿದರೂ ಮೆಗ್ನೀಸಿಯಂ ತನಗೆ ಬೇಕಾದಷ್ಟನ್ನೇ ತೆಗೆದುಕೊಂಡಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಮಿಶ್ರಣಕ್ಕೆ ಈ ಹಟವಿಲ್ಲ. ಸಂಯುಕ್ತಕ್ಕೂ ಮಿಶ್ರಣಕ್ಕೂ ನಡುವಿನ ಗೆರೆಯನ್ನು ನಾನು ಎಳೆಯುವುದು ಇಲ್ಲಿ ಮಾತ್ರ.

ಹಾಗೆ ಎಳೆದ ವರ್ಷವೇ ಒಬ್ಬ ಹುಡುಗಿ ಎದ್ದು ನಿಂತಳು. ‘ಸರ್, ನೂರು ಮಿಲಿಲೀಟರ್ ನೀರಿಗೆ ಉಪ್ಪು ಹಾಕುತ್ತ ಹೋದರೆ ಸುಮಾರು 36 ಗ್ರಾಂ ಕರಗುತ್ತದೆ, ಮಿಕ್ಕದ್ದು ತಳದಲ್ಲಿ ಉಳಿಯುತ್ತದೆ. ನೀರೂ ತನಗೆ ಬೇಕಾದಷ್ಟನ್ನೇ ತೆಗೆದುಕೊಂಡಿತಲ್ಲ? ಹಾಗಾದರೆ ಉಪ್ಪುನೀರು ಸಂಯುಕ್ತವೇ?’ ಇಂಥ ಪ್ರಶ್ನೆಗಾಗಿಯೇ ನಾನು ಈ ದಾರಿ ಹಿಡಿದದ್ದು. ಇದೇ ಜಗಳವನ್ನು ಇನ್ನೂರು ವರ್ಷಗಳ ಹಿಂದೆ ಫ್ರಾನ್ಸಿನ ಇಬ್ಬರು ರಸಾಯನಶಾಸ್ತ್ರಜ್ಞರು ಆಡಿದ್ದರು. ಗಣಿಯಲ್ಲಿ ಸಿಕ್ಕಿದ ತಾಮ್ರದ ಕಾರ್ಬನೇಟ್ ಆಗಲಿ ತಾನು ತಯಾರಿಸಿದ್ದಾಗಲಿ ಒಂದೇ ಅನುಪಾತದಲ್ಲಿದೆ ಎಂದು 1790ರ ದಶಕದಲ್ಲಿ ತೋರಿಸಿದವನು ಜೋಸೆಫ್ ಪ್ರೂಸ್ಟ್. ಹಾಗೇನಿಲ್ಲ, ಅನುಪಾತ ಬದಲಾಗಬಹುದು ಎಂದು ದ್ರಾವಣಗಳನ್ನೂ ಮಿಶ್ರಲೋಹಗಳನ್ನೂ ಮುಂದಿಟ್ಟು ವಾದಿಸಿದವನು ಕ್ಲೋಡ್ ಬರ್ತೊಲೆ. ಗೆದ್ದವನು ಪ್ರೂಸ್ಟ್. ಆದರೆ ನಮ್ಮ ಅಂಟುವ ಸಲ್ಫೈಡನ್ನು ನೋಡಿದರೆ ಬರ್ತೊಲೆ ಪೂರ್ತಿ ಸೋತಿಲ್ಲ.

ಹುಡುಗಿಗೆ ಉತ್ತರ ಕೊಡಲಿಲ್ಲ, ಬೀಕರ್ ಕೊಟ್ಟೆ. ಎರಡು ಗ್ರಾಂ, ಹತ್ತು ಗ್ರಾಂ, ಇಪ್ಪತ್ತು ಗ್ರಾಂ ಹಾಕಿ ನೋಡಿದಳು. ಎಲ್ಲವೂ ಉಪ್ಪುನೀರೇ, ಬೇರೆ ಬೇರೆ ಉಪ್ಪುನೀರು. ಮೆಗ್ನೀಸಿಯಂಗೆ ಆಮ್ಲಜನಕ ಕಡಿಮೆ ಕೊಟ್ಟರೆ ತೆಳು ಆಕ್ಸೈಡ್ ಆಗುವುದಿಲ್ಲ, ಆಕ್ಸೈಡ್ ಒಂದಿಷ್ಟು, ಲೋಹ ಒಂದಿಷ್ಟು ಉಳಿಯುತ್ತದೆ. 36 ಎಂಬುದು ಮೇಲಿನ ಮಿತಿ, ಅನುಪಾತವಲ್ಲ. ಅವಳೇ ಬರೆದ ಈ ವಾಕ್ಯವನ್ನು ಈಗ ಪ್ರತಿ ವರ್ಷವೂ ಬಳಸುತ್ತೇನೆ.

‘ಶಾಖ ಹೊರಬಂದರೆ ಸಂಯುಕ್ತ, ಇಲ್ಲದಿದ್ದರೆ ಮಿಶ್ರಣ’ ಎಂಬ ಸಾಲು ವ್ಯತ್ಯಾಸಗಳ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಅದನ್ನು ಕೆಡವಲು ಐವತ್ತು ಮಿಲಿಲೀಟರ್ ಆಲ್ಕೋಹಾಲಿಗೆ ಐವತ್ತು ಮಿಲಿಲೀಟರ್ ನೀರು ಬೆರೆಸಿ. ಬೆಚ್ಚಗಾಗುತ್ತದೆ, ಅದೂ ಅಲ್ಲದೆ ಅಳತೆ ನೂರರ ಬದಲು 96–97ಕ್ಕೆ ನಿಲ್ಲುತ್ತದೆ. ತೂಕ ಮಾತ್ರ ಹಾಗೆಯೇ. ‘ಸ್ಥಿರ ಕುದಿಬಿಂದು ಇದ್ದರೆ ಶುದ್ಧ ವಸ್ತು’ ಎಂಬುದೂ ಹಾಗೆಯೇ ಮುರಿಯುತ್ತದೆ. ತೂಕದಲ್ಲಿ ಸುಮಾರು 95.6ರಷ್ಟು ಆಲ್ಕೋಹಾಲ್ ಇರುವ ಮಿಶ್ರಣ 78.2 ಡಿಗ್ರಿಯಲ್ಲಿ ಕದಲದೆ ಕುದಿಯುತ್ತದೆ, ಎಷ್ಟು ಬಟ್ಟಿ ಇಳಿಸಿದರೂ ಅದೇ ಬರುತ್ತದೆ. ಒತ್ತಡ ಬದಲಿಸಿದರೆ ಆ ಅನುಪಾತ ಜಾರುತ್ತದೆ, ಸಂಯುಕ್ತದ್ದು ಜಾರುವುದಿಲ್ಲ. ಇದನ್ನು ನಾನು ತರಗತಿಯಲ್ಲಿ ಮಾಡಿ ತೋರಿಸುವುದಿಲ್ಲ, ಸಾಧನವೂ ಇಲ್ಲ. ಕೇಳುವ ಮಕ್ಕಳಿಗೆ ಮಾತ್ರ ಹೇಳುತ್ತೇನೆ.

ನೀರಿನ ವಿದ್ಯುದ್ವಿಭಜನೆಯಲ್ಲಿ, ಎಂದರೆ ವಿದ್ಯುತ್ ಹರಿಸಿ ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆಯುವುದರಲ್ಲಿ, ನನಗೆ ಅತಿ ಹೆಚ್ಚು ಹಣ ಹೋಯಿತು. ಅದಕ್ಕೆಂದೇ ಇರುವ ಹಾಫ್‌ಮನ್ ಉಪಕರಣದ ಪ್ಲಾಟಿನಂ ತಂತಿಗೆ ಕೈ ಹಾಕುವ ಹಾಗಿಲ್ಲ. ಪೆನ್ಸಿಲಿನ ಗ್ರಾಫೈಟ್ ಕಡ್ಡಿ ಅಗ್ಗ, ಆದರೆ ಆಮ್ಲಜನಕಕ್ಕೆ ಜಲಜನಕದ ಅನುಪಾತ ಎರಡರ ಬದಲು ಎರಡೂವರೆ, ಮೂರು ಬರುತ್ತದೆ. ಆಮ್ಲಜನಕದ ಒಂದು ಭಾಗ ಕಡ್ಡಿಯ ಇಂಗಾಲವನ್ನೇ ತಿಂದು ಕಾರ್ಬನ್ ಡೈಆಕ್ಸೈಡ್ ಆಗಿ ನೀರಿನಲ್ಲಿ ಕರಗುತ್ತದೆ. ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಬರುತ್ತದೆ, ಅದು ಪಾಠವೂ ಅಲ್ಲ, ಪುಪ್ಪುಸಕ್ಕೆ ಒಳ್ಳೆಯದೂ ಅಲ್ಲ. ಕೊನೆಗೆ ನೆಲೆ ನಿಂತದ್ದು ವಾಷಿಂಗ್ ಸೋಡದ ದ್ರಾವಣ ಮತ್ತು ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳಲ್ಲಿ. ಮೊದಲ ಹತ್ತು ನಿಮಿಷದ ಅನಿಲವನ್ನು ಹಾರಿಬಿಟ್ಟು, ದ್ರಾವಣದಲ್ಲಿ ಅನಿಲ ಕರಗುವಷ್ಟು ಕರಗಿದ ಮೇಲೆ ಅಳೆದರೆ 2.1ರ ಹತ್ತಿರ ಸಿಗುತ್ತದೆ. ಗಾಳಿಯಲ್ಲಿ ಆಮ್ಲಜನಕ ಎಷ್ಟು ಪಾಲು ಎಂದು ಅಳೆಯುವ ಇನ್ನೊಂದು ಪ್ರಯೋಗವನ್ನೂ ಇದರ ಬೆನ್ನಿಗೆ ಹಚ್ಚಿದ್ದೆ, ಒದ್ದೆ ಉಕ್ಕಿನ ನಾರಿನಿಂದ. ಐದನೇ ಒಂದು ಭಾಗ ಬಂತು, ಆದರೆ ಅದಕ್ಕೆ ಹಲವು ದಿನ ಕಾಯಬೇಕು, ಮಕ್ಕಳಿಗೆ ಬೇಸರ.

ಧಾತುವಿನ ಪಾಠಕ್ಕೆ ಪ್ರಯೋಗವೇ ಇಲ್ಲ. ಧಾತು ಎಂದು ಸಾಬೀತು ಮಾಡಲು ಬರುವುದಿಲ್ಲ, ‘ಇಲ್ಲಿಯವರೆಗೆ ಒಡೆಯಲಿಲ್ಲ’ ಎಂದಷ್ಟೇ ತಕ್ಕಡಿ ಹೇಳುತ್ತದೆ. ಇದನ್ನು ಮಕ್ಕಳಿಗೆ ಹೇಳಿದರೆ ಗೊಂದಲವಾಗುತ್ತದೆ ಎಂದು ಬಹಳ ಮಂದಿ ಎಚ್ಚರಿಸಿದರು. ಆಗಲಿಲ್ಲ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ 1789ರಲ್ಲಿ ಕೊಟ್ಟ 33 ಧಾತುಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆದೆ. ಅದರಲ್ಲಿ ಬೆಳಕೂ ಇದೆ, ಶಾಖವೂ ಇದೆ, ಸುಣ್ಣವೂ ಇದೆ, ಮೆಗ್ನೀಸಿಯವೂ ಇದೆ. ಮೆಗ್ನೀಸಿಯ ಎಂದರೆ ಮಕ್ಕಳು ತಮ್ಮ ಮೂಸೆಯಲ್ಲಿ ತಾವೇ ಮಾಡಿ ತೂಗಿದ ಆ ಬಿಳಿ ಪುಡಿ. ಅದನ್ನು ಒಡೆಯುವ ಸಾಧನ ಲವಾಸಿಯೆಗಿರಲಿಲ್ಲ. 1808ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ವಿದ್ಯುತ್ತಿನಿಂದ ಒಡೆದ. ‘ಹಾಗಾದರೆ ನಮ್ಮ ಪುಸ್ತಕದ ಪಟ್ಟಿ?’ ಎಂದು ಹಿಂದಿನ ಬೆಂಚಿನಿಂದ ಬಂತು. ಪರಮಾಣುವನ್ನು ತರಗತಿಯೊಳಗೆ ಬಿಟ್ಟುಕೊಂಡದ್ದು ಆ ಪ್ರಶ್ನೆಯ ಮರುದಿನ.

ಈಗ ಕೈಯಲ್ಲಿರುವುದು ಮೈಲುತುತ್ತದ (ತಾಮ್ರದ ಸಲ್ಫೇಟ್) ನೀಲಿ ಹರಳು. ಕಾಯಿಸಿದರೆ ನೀರು ಹೋಗಿ ಬಿಳಿಯಾಗುತ್ತದೆ, ಒಂದು ಹನಿ ನೀರಿಗೆ ಮತ್ತೆ ನೀಲಿ. ಆ ನೀರು ಬೆರೆತದ್ದೋ, ಕೂಡಿದ್ದೋ? ಹರಳಿನ ತೂಕದಲ್ಲಿ ನೀರು ನೂರಕ್ಕೆ 36 ಭಾಗ, ಮಕ್ಕಳಿಗೆ 33ರಿಂದ 37ರವರೆಗೆ ಬರುತ್ತಿದೆ. ಕೊನೆಯ ಪಾಲು ನೀರು 200 ಡಿಗ್ರಿ ದಾಟದೆ ಬಿಡುವುದಿಲ್ಲ. ಉರಿ ಅತಿಯಾದರೆ ಪುಡಿ ಕಪ್ಪಾಗಿ ಲೆಕ್ಕ ಕೆಡುತ್ತದೆ. ಉಪ್ಪಿನ 36, ಇಲ್ಲಿಯೂ 36 ಎಂದು ತರಗತಿಯಲ್ಲಿ ದೊಡ್ಡ ಗದ್ದಲವಾಯಿತು. ಎರಡನ್ನೂ ಬಿಸಿನೀರಿನಲ್ಲಿ ಮತ್ತೊಮ್ಮೆ ಮಾಡಿಸಿದೆ. ಕುದಿಯುವ ನೀರಿನಲ್ಲಿ ಉಪ್ಪು 39ಕ್ಕೆ ಏರಿತು. ಬಿಸಿನೀರಿನಲ್ಲಿ ಕರಗಿಸಿ ಮತ್ತೆ ಕಟ್ಟಿಸಿದ ನೀಲಿ ಹರಳು, ಒಣಗಿಸಿ ತೂಗಿದಾಗ, 36ರ ಸುತ್ತಲೇ ಉಳಿಯಿತು.