ಕೈ ಕಟ್ಟಿ ನಿಲ್ಲಲು ಕಲಿಸಿದ ಕಥೆ

"ನಾಯಕತ್ವ ಕಲಿಸಿ ಬರುವಂಥದ್ದಲ್ಲ, ಹುಟ್ಟಿನಲ್ಲೇ ಇರಬೇಕು" ಎಂದು ನಮ್ಮ ಹಿರಿಯ ಸರ್ಜನ್ ಒಬ್ಬರು ಎಲ್ಲರೆದುರು ಹೇಳಿದಾಗ ನಾನು ಸುಮ್ಮನಿದ್ದೆ. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಈಗ ಇದೆ.

ನಮ್ಮ ವಿಭಾಗದ ರೆಸಿಡೆಂಟ್‌ಗಳಿಗೆ, ಅಂದರೆ ತರಬೇತಿಯಲ್ಲಿರುವ ಕಿರಿಯ ವೈದ್ಯರಿಗೆ, ನಾಯಕತ್ವ ಕಲಿಸಲು ಮೂರು ಸಲ ಯತ್ನಿಸಿದೆ. ಮೊದಲ ಸಲ ಹಣ ಸುರಿದೆ. ಹೊರಗಿನ ತರಬೇತುದಾರರನ್ನು ಕರೆಸಿ ಎರಡು ದಿನದ ಕಾರ್ಯಾಗಾರ ನಡೆಸಿದೆ. ವಿಭಾಗದ ವರ್ಷದ ತರಬೇತಿ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲಿಗೇ ಹೋಯಿತು. ಕಾಗದದ ಲೋಟಗಳಿಂದ ಗೋಪುರ ಕಟ್ಟಿಸಿದರು. 14 ರೆಸಿಡೆಂಟ್‌ಗಳಲ್ಲಿ ಆರೇಳು ಮಂದಿ ರಾತ್ರಿ ಡ್ಯೂಟಿ ಮುಗಿಸಿ ನೇರ ಬಂದವರು, ಕುಳಿತಲ್ಲೇ ತೂಕಡಿಸಿದರು. ಮರುವಾರ, ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ಅದೇ ಹಳೆಯ ಗೊಂದಲ.

ಎರಡನೇ ಸಲ ಚೀಟಿ ಎತ್ತಿ ಒಬ್ಬೊಬ್ಬರಿಗೆ ಒಬ್ಬ ಮೆಂಟರನ್ನು, ಅಂದರೆ ಮಾರ್ಗದರ್ಶಕರನ್ನು, ಹಂಚಿದೆ. ಅದು ಇನ್ನೂ ದೊಡ್ಡ ತಪ್ಪು. ಮೆಂಟರ್ ಆದವರೇ ಮೌಲ್ಯಮಾಪನಕ್ಕೂ ಸಹಿ ಹಾಕುವವರು. ಸಹಿ ಹಾಕುವವರ ಎದುರು "ನಿನ್ನೆ ರಾತ್ರಿ ನನಗೆ ಕೈಕಾಲು ಆಡಲಿಲ್ಲ" ಎಂದು ಯಾರು ಬಾಯಿ ಬಿಡುತ್ತಾರೆ? ಮೂರು ತಿಂಗಳ ನಂತರ ಎಲ್ಲ ಫಾರಂಗಳೂ ಭರ್ತಿಯಾಗಿ ಬಂದವು. ಶಾಯಿ ನೋಡಿದರೆ ಒಂದೇ ಸಂಜೆಯಲ್ಲಿ ತುಂಬಿದ್ದು ಗೊತ್ತಾಗುತ್ತಿತ್ತು.

ಮೂರನೇ ಸಲ ತರಗತಿಯನ್ನೇ ಬಿಟ್ಟೆ. ಮೆಂಟರ್ ಬೇರೆ ಯೂನಿಟ್‌ನವರಾಗಿರಬೇಕು, ಅಂಕಗಳ ಮೇಲೆ ಅವರಿಗೆ ಹಿಡಿತ ಇರಬಾರದು. ರೆಸಿಡೆಂಟ್‌ಗೆ ನಿಜವಾದ ಒಂದು ಅಧಿಕಾರ ಕೊಡಬೇಕು: ಹ್ಯಾಂಡೋವರ್ ನಡೆಸುವುದು, ಹಾಸಿಗೆ ಹಂಚುವುದು, ಡ್ಯೂಟಿ ಪಟ್ಟಿ ಹಾಕುವುದು. ಈ ಕೊನೆಯದಕ್ಕೆ ಸಮನಾದ ಪಾಠ ಇನ್ನೊಂದಿಲ್ಲ. ಗೆಳೆಯನಿಗೆ ಭಾನುವಾರದ ರಾತ್ರಿ ಹಾಕಿ, ಮರುದಿನ ಅವನ ಮುಖ ನೋಡಬೇಕಲ್ಲ! ಮೆಂಟರ್ ಹಿಂದೆ ನಿಂತು ಬಾಯಿ ಮುಚ್ಚಿಕೊಂಡಿರಬೇಕು. ಮಾತು ಅದೇ ದಿನ, 20 ನಿಮಿಷ ಮಾತ್ರ. ಬಾಯಿ ಮುಚ್ಚುವ ನಿಯಮವನ್ನು ಎಲ್ಲರಿಗಿಂತ ಹೆಚ್ಚು ಸಲ ಮುರಿದವನು ನಾನೇ.

ಒಂದು ರಾತ್ರಿ ವಾರ್ಡ್‌ನಲ್ಲಿ ಹೃದಯ ನಿಂತ ರೋಗಿ. ಎರಡನೇ ವರ್ಷದ ರೆಸಿಡೆಂಟ್ ತಾನೇ ಎದೆ ಒತ್ತುತ್ತಾ, ತಾನೇ ಆದೇಶ ಕೊಡುತ್ತಾ, ತಾನೇ ಮಾನಿಟರ್ ನೋಡುತ್ತಿದ್ದಳು. ಅಡ್ರಿನಲಿನ್ ಕೊಟ್ಟ ಹೊತ್ತನ್ನು ಯಾರೂ ಬರೆದಿರಲಿಲ್ಲ. ಮುಗಿದ ಮೇಲೆ ಅವಳ ಮೆಂಟರ್ ಕೇಳಿದ್ದು ಒಂದೇ: "ಎಷ್ಟು ಜನ ಕೈ ಖಾಲಿ ನಿಂತಿದ್ದರು?" ನಾಲ್ವರು. ಸುಮಾರು ಆರು ವಾರಗಳ ನಂತರ ಮತ್ತೆ ಅಂಥದೇ ಕರೆ ಬಂತು. ಈ ಸಲ ಅವಳು ಹಾಸಿಗೆಯ ಕಾಲ್ದೆಸೆಯಲ್ಲಿ ಕೈ ಕಟ್ಟಿ ನಿಂತಿದ್ದಳು. "ಸಿಸ್ಟರ್, ಹೊತ್ತು ನೀವು ಬರೆಯಿರಿ. ಎರಡು ನಿಮಿಷಕ್ಕೆ ಒತ್ತುವವರು ಬದಲಾಗಿ." ಧ್ವನಿ ನಡುಗುತ್ತಿತ್ತು, ಆದರೆ ಕೈ ಮುಂದೆ ಹೋಗಲಿಲ್ಲ. ನಾನು ಬಾಗಿಲಲ್ಲಿ ನಾಲಿಗೆ ಕಚ್ಚಿಕೊಂಡು ನಿಂತಿದ್ದೆ.

ನಡುವೆ ಕೆಲವು ಅಡ್ಡ ಪ್ರಯೋಗಗಳೂ ಆದವು. 2008ರ ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ತಪಾಸಣಾ ಪಟ್ಟಿಯಲ್ಲಿ, ಚರ್ಮ ಕತ್ತರಿಸುವ ಮುನ್ನ ತಂಡದವರೆಲ್ಲ ಹೆಸರು, ಪಾತ್ರ ಹೇಳಿಕೊಳ್ಳಬೇಕೆಂದಿದೆಯಲ್ಲ, ಅದನ್ನು ರೌಂಡ್ಸ್‌ಗೆ ತಂದೆ. ಮೊದಲ ವಾರ ಎಲ್ಲರೂ ನಕ್ಕರು. ಮೂರನೇ ವಾರ ಹೊಸ ನರ್ಸ್ ಒಬ್ಬರು ಪೊಟ್ಯಾಸಿಯಂ ಪ್ರಮಾಣದ ತಪ್ಪನ್ನು ಎಲ್ಲರೆದುರೇ ತಿದ್ದಿದರು. ಆಮೇಲೆ ಯಾರೂ ನಗಲಿಲ್ಲ. ಇನ್ನೊಂದು, ಎಸ್‌ಬಿಎಆರ್: ಪರಿಸ್ಥಿತಿ, ಹಿನ್ನೆಲೆ, ಅಂದಾಜು, ಕೊನೆಗೆ ಏನಾಗಬೇಕೆಂಬ ಸಲಹೆ, ಈ ಕ್ರಮದಲ್ಲಿ ವಿಷಯ ಹೇಳುವುದು. ಜಲಾಂತರ್ಗಾಮಿ ನೌಕೆಗಳಿಂದ ನಮ್ಮ ಕಡೆಗೆ ಬಂದ ಈ ಕ್ರಮವನ್ನು ರಾತ್ರಿ ಎರಡು ಗಂಟೆಯ ಕರೆಗಳಿಗೆ ತಿರುಗಿಸಿ ನೋಡಿದೆ: ಏನು ಬೇಕೋ ಅದು ಮೊದಲು, ಉಳಿದದ್ದು ಆಮೇಲೆ. ನಿದ್ದೆಯಲ್ಲಿದ್ದ ಹಿರಿಯರು ಬೇಗ ಎಚ್ಚರಗೊಂಡರು. ಹಗಲಿನಲ್ಲಿ ಮಾತ್ರ ಅದು ಒರಟಾಗಿ ಕೇಳಿಸಿತು, ಕೈಬಿಟ್ಟೆ. ಕಿರಿಯರೇ ಹಿರಿಯರಿಗೆ ಅಂಕ ಕೊಡುವ ಪ್ರಯೋಗ ಎರಡೇ ವಾರಕ್ಕೆ ಸತ್ತಿತು. ಅದರ ವಿವರ ಇಲ್ಲಿ ಬೇಡ.

ಖರ್ಚು? ಎರಡು ದಪ್ಪ ನೋಟ್‌ಬುಕ್. ಜೊತೆಗೆ ಮೆಂಟರ್‌ಗಳ ಸಮಯ, ವಾರಕ್ಕೆ ತಲಾ ಒಂದು ಗಂಟೆಯಷ್ಟು. ಆ ಗಂಟೆಗೆ ಭತ್ಯೆ ಕೇಳಿದರೆ ಆಡಳಿತದವರು ಬಿಲ್ ಕೇಳಿದರು. ಗೋಪುರ ಕಟ್ಟಿಸಿದವರ ಬಳಿ ಬಿಲ್ ಇತ್ತು, ಮಂಜೂರಾಯಿತು. ನಮ್ಮ ಬಳಿ ಇರಲಿಲ್ಲ. ಕಡೆಗೆ ಪ್ರತಿ ಮೆಂಟರ್‌ಗೂ ತಿಂಗಳಿಗೆ ಒಂದು ಓಪಿಡಿ ಬಿಡಿಸಿಕೊಟ್ಟೆ. ಅದನ್ನು ಹೇಗೆ ಹೊಂದಿಸಿದೆ ಎಂಬುದು ನನ್ನಲ್ಲೇ ಇರಲಿ.

ಹ್ಯಾಂಡೋವರ್ ಮೊದಲು 50 ನಿಮಿಷ ಎಳೆಯುತ್ತಿತ್ತು, ಈಗ 25ರ ಆಸುಪಾಸು. 14 ಮಂದಿಯಲ್ಲಿ ಒಂಬತ್ತೋ ಹತ್ತೋ ಮಂದಿ ಕೊನೆಯವರೆಗೂ ಉಳಿದರು. ಇಬ್ಬರು ತಮಗೆ ಇದು ಬೇಡವೆಂದು ನೇರವಾಗಿ ಹೇಳಿದರು, ಅವರನ್ನು ಒತ್ತಾಯಿಸಲಿಲ್ಲ. ಉಳಿದವರನ್ನು ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ.

ಹೋದ ತಿಂಗಳು ಅದೇ ಸರ್ಜನ್ ನೋಟ್‌ಬುಕ್ ಕೇಳಿ ಪಡೆದರು. ಮೆಂಟರ್‌ಗೆ ಜೋಡಿ ಆರಿಸುವ ಮುನ್ನ ನಾನು ಕೇಳುವ ಮೂರು ಪ್ರಶ್ನೆಗಳು ಅದರ ಮೊದಲ ಪುಟದಲ್ಲಿದ್ದವು. ಆ ಪುಟವನ್ನು ಹರಿದಿಟ್ಟುಕೊಂಡೇ ಕೊಟ್ಟೆ.