ಯಂತ್ರಕ್ಕೆ ಕೊಡೆ, ನನಗೆ ಬಿಸಿಲು

ನನ್ನದು ಸರ್ವೆ ಕೆಲಸ. ದಿನಕ್ಕೆ ಆರೇಳು ಗಂಟೆ ಬಯಲಲ್ಲೇ ನಿಲ್ಲಬೇಕು. ದೂರ, ಕೋನ ಅಳೆಯುವ ಯಂತ್ರವಾದ ಟೋಟಲ್ ಸ್ಟೇಷನ್ನಿಗೆ ಬಿಸಿಲು ತಾಗಿ ಅಳತೆ ಏರುಪೇರಾಗಬಾರದು ಅಂತ ಅದರ ಮೇಲೆ ಕೊಡೆ ಹಿಡಿಸುತ್ತಿದ್ದೆ. ಪಕ್ಕದಲ್ಲಿ ನಾನು ಮಾತ್ರ ಬರಿತಲೆಯಲ್ಲಿ! ಸೆಕೆ ತಡೆಯೋಕಾಗದಿದ್ದರೆ ಟೋಪಿ, ಇಲ್ಲದಿದ್ದರೆ ಅದೂ ಇಲ್ಲ.

ಒಂದು ದಿನ ತೆಳು ಮೋಡ, ತಣ್ಣನೆ ಗಾಳಿ. ಟೋಪಿ ಗಾಡಿಯಲ್ಲೇ ಬಿಟ್ಟು ಕೆಲಸಕ್ಕಿಳಿದೆ. ಒಂದು ಹನಿ ಬೆವರಲಿಲ್ಲ. ರಾತ್ರಿ ಸ್ನಾನಕ್ಕೆ ನಿಂತರೆ, ಕುತ್ತಿಗೆಗೆ ನೀರು ಬಿದ್ದದ್ದೇ ತಡ, ಉರಿ ಎದ್ದಿತು. ಮೂರ್ನಾಲ್ಕು ದಿನ ಕಳೆದ ಮೇಲೆ ಕಿವಿಯ ತುದಿಯಲ್ಲಿ ಚರ್ಮ ಈರುಳ್ಳಿ ಪೊರೆಯ ಹಾಗೆ ಸುಲಿಯತೊಡಗಿತು. ನನ್ನದು ಕಪ್ಪು ಮೈಬಣ್ಣ, ನಮಗೆಲ್ಲ ಇದು ಆಗೋದಿಲ್ಲ ಅಂದುಕೊಂಡಿದ್ದೆ. ಕಪ್ಪು ಚರ್ಮ ಬೇಗ ಸುಡೋದಿಲ್ಲ ನಿಜ, ಆದರೆ ಸುಡೋದೇ ಇಲ್ಲ ಅಂತಲ್ಲ.

ಸೆಕೆ ಬೇರೆ, ಬಿಸಿಲಿನಲ್ಲಿರುವ ಅಲ್ಟ್ರಾವೈಲೆಟ್ (ಯುವಿ) ಕಿರಣ ಬೇರೆ ಅನ್ನೋದು ತಲೆಗೆ ಹೋಗಿದ್ದು ಆಮೇಲೆ. ಈ ಕಿರಣ ಕಣ್ಣಿಗೆ ಕಾಣೋದಿಲ್ಲ, ಮೈಗೆ ಬಿಸಿಯಾಗಿಯೂ ತಿಳಿಯೋದಿಲ್ಲ. ತೆಳು ಮೋಡ ಇದನ್ನು ಅಷ್ಟಾಗಿ ತಡೆಯೋದೂ ಇಲ್ಲ. ಇದರಲ್ಲಿ ಯುವಿಬಿ ಅನ್ನೋ ಬಗೆ ಚರ್ಮವನ್ನು ಸುಡುತ್ತದೆ. ಯುವಿಎ ಅನ್ನೋ ಇನ್ನೊಂದು ಬಗೆ ಇನ್ನೂ ಆಳಕ್ಕಿಳಿದು ಚರ್ಮವನ್ನು ಬೇಗ ಸುಕ್ಕಾಗಿಸುತ್ತದೆ. ಕಿಟಕಿ ಗಾಜು ಯುವಿಬಿಯನ್ನು ಬಹುಪಾಲು ತಡೆದರೂ ಯುವಿಎಯನ್ನು ಸಾಕಷ್ಟು ಒಳಗೆ ಬಿಡುತ್ತದೆ. ಗಾಡಿಯಲ್ಲಿ ಕಿಟಕಿ ಕಡೆಯ ತೋಳಿಗೂ ಬಟ್ಟೆ ಬೇಕು ಅನ್ನೋದು ಅದಕ್ಕೇ.

ಈಗ ಹೊರಡುವ ಮೊದಲು ಹವಾಮಾನದ ಆಪ್‌ನಲ್ಲಿ ಉಷ್ಣಾಂಶದ ಜೊತೆ ಯುವಿ ಇಂಡೆಕ್ಸ್, ಅಂದರೆ ಯುವಿ ಎಷ್ಟು ಜೋರು ಅನ್ನೋ ಸಂಖ್ಯೆ, ನೋಡುತ್ತೇನೆ. 1992ರಲ್ಲಿ ಕೆನಡಾದಲ್ಲಿ ಶುರುವಾದ ಲೆಕ್ಕ ಇದು. 2ರವರೆಗೆ ಚಿಂತೆಯಿಲ್ಲ. 3 ಮುಟ್ಟಿತೆಂದರೆ ಮೈ ಮುಚ್ಚಿಕೊಳ್ಳಬೇಕು. 8ರಿಂದ ಮೇಲೆ ತುಂಬಾ ಜಾಸ್ತಿ, 11 ಮುಟ್ಟಿದರೆ ವಿಪರೀತ. ಲೆಕ್ಕ ನೇರ: 5 ಇದ್ದಾಗ ಒಂದು ಗಂಟೆಯಲ್ಲಿ ಬೀಳುವಷ್ಟು ಏಟು, 10 ಇದ್ದಾಗ ಅರ್ಧ ಗಂಟೆಯಲ್ಲೇ ಬೀಳುತ್ತದೆ. ದಿನದ ಒಂದೇ ಸಂಖ್ಯೆ ನೋಡಿದರೆ ಸಾಲದು, ಗಂಟೆಗಂಟೆಯದ್ದನ್ನೂ ನೋಡಬೇಕು.

ಫೋನ್ ಸಿಗ್ನಲ್ ಇಲ್ಲದ ಕಡೆ ನೆರಳೇ ಸಾಕು. ಅಳತೆ ಕೋಲು ನೆಟ್ಟಗೆ ನಿಲ್ಲಿಸಿ ನೋಡುತ್ತೇನೆ. ನೆರಳು ಕೋಲಿಗಿಂತ ಗಿಡ್ಡ ಇದೆಯಾ? ಹಾಗಾದರೆ ಯುವಿ ಜೋರು. ಉದ್ದದ ಅಳತೆಗಳನ್ನೆಲ್ಲ ಬೆಳಿಗ್ಗೆಯೇ ಮುಗಿಸಿ, ನಡುಮಧ್ಯಾಹ್ನ ಮರದಡಿ ಕೂತು ಲೆಕ್ಕ ಬರೆಯುತ್ತೇನೆ. ಎತ್ತರದ ಜಾಗದಲ್ಲಿ ಇನ್ನೂ ಹುಷಾರು, ಪ್ರತಿ 1,000 ಮೀಟರ್‌ಗೆ ಯುವಿ ಸುಮಾರು ಶೇ. 10 ಏರುತ್ತದೆ.

ಸನ್‌ಸ್ಕ್ರೀನ್ ವಿಷಯದಲ್ಲಿ ನಾನು ಜಿಪುಣ. ಮೊದಲ ಟ್ಯೂಬ್ ತಿಂಗಳುಗಟ್ಟಲೆ ಬಂತು ಅಂತ ಖುಷಿಪಟ್ಟಿದ್ದೆ. ಅದೇ ತಪ್ಪು! ಸುಡುವ ಕಿರಣವನ್ನು ಎಷ್ಟು ತಡೆಯುತ್ತದೆ ಅಂತ ಹೇಳೋದು ಟ್ಯೂಬ್ ಮೇಲಿನ ಎಸ್‌ಪಿಎಫ್ ಸಂಖ್ಯೆ. ಎಸ್‌ಪಿಎಫ್ ಅಳೆಯುವಾಗ ಒಂದು ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ನಾವು ಹಚ್ಚೋದು ಎಷ್ಟೋ ಸಲ ಅದರ ಅರ್ಧವೂ ಇರೋದಿಲ್ಲ. ಪೂರ್ತಿ ಹಚ್ಚಿದರೆ 30 ಎಂದಿರುವುದು ಸುಡುವ ಕಿರಣದ ಮೂವತ್ತರಲ್ಲೊಂದು ಪಾಲನ್ನಷ್ಟೇ ಬಿಡುತ್ತದೆ, 50 ಎಂದಿರುವುದು ಐವತ್ತರಲ್ಲೊಂದು. ಹಾಗಾಗಿ 50ರದ್ದನ್ನು ಸುಮ್ನೆ ಸವರೋದಕ್ಕಿಂತ 30ರದ್ದನ್ನು ಧಾರಾಳವಾಗಿ ಹಚ್ಚೋದು ವಾಸಿ ಅಲ್ವಾ? ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದು ಮುಖ, ಕುತ್ತಿಗೆಗೆ ಹಚ್ಚುತ್ತೇನೆ. ಕಿವಿಗೆ ಬೇರೆ. ಎರಡು ಗಂಟೆಗೊಮ್ಮೆ ಮತ್ತೆ. ಬೆವರಿದರೆ ಅದಕ್ಕೂ ಮೊದಲೇ.

ಆದರೂ ನನಗೆ ಹೆಚ್ಚು ನಂಬಿಕೆ ಬಟ್ಟೆ ಮೇಲೆ. ದಟ್ಟ ನೇಯ್ಗೆಯ ತುಂಬುತೋಳಿನ ಅಂಗಿ ಮಧ್ಯಾಹ್ನ ಮತ್ತೆ ಹಚ್ಚು ಅಂತ ಕೇಳೋದಿಲ್ಲ. ಕೊಡೆಯನ್ನೂ ಬದಲಾಯಿಸಿದೆ. ಹೊಸದು ಅಗಲವಾಗಿದೆ, ಯಂತ್ರದ ಜೊತೆ ನಾನೂ ಅದರಡಿ ಹಿಡಿಸುತ್ತೇನೆ. ದೂರದಲ್ಲಿ ಪ್ರಿಸಂ (ಯಂತ್ರ ಗುರಿಯಿಡುವ ಗಾಜು) ಹಿಡಿದು ನಿಲ್ಲುವ ಹುಡುಗನಿಗೆ ಕೊಡೆ ಆಗೋದಿಲ್ಲ. ಅವನಿಗೆ ಸುತ್ತಲೂ ಅಂಚಿರುವ ಟೋಪಿ ಕೊಡಿಸಿದ್ದೇನೆ. ಗಾಳಿಗೆ ಹಾರುತ್ತೆ ಅಂತ ಗೊಣಗುತ್ತಿದ್ದ. ಅದಕ್ಕೊಂದು ದಾರ ಹೊಲಿಸಿಕೊಟ್ಟೆ.