ಗಿಟ್‌ನ ಕೈಪಿಡಿ, ಟೆಸ್ಟ್ ತಿದ್ದುವುದು ಹೇಗೆ?

ಹಾಸನದ ಕ್ಯಾಂಟೀನ್ ಒಂದರಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. ಅರಸೀಕೆರೆಯಿಂದ ದಿನಾ ರೈಲಲ್ಲಿ ಬಂದು ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಕೇಳಿದಳು: "ಸರ್, ಓಪನ್ ಸೋರ್ಸ್‌ನಲ್ಲಿ ಏನಾದ್ರೂ ಮಾಡ್ಬೇಕು ಅಂತ ಆಸೆ. ಸಿ ಭಾಷೆ ಅಷ್ಟಕ್ಕಷ್ಟೆ. ಗಿಟ್‌ಗೆಲ್ಲ ನಮ್ಮಂಥವರು ಕೈ ಹಾಕೋಕೆ ಆಗುತ್ತಾ?"

ಆಗುತ್ತೆ. ಗಿಟ್ ಅಂದರೆ ಕೋಡ್‌ನ ಒಂದೊಂದು ಬದಲಾವಣೆಯನ್ನೂ ಲೆಕ್ಕ ಇಡುವ ಸಾಧನ. ಲಿನಕ್ಸ್ ಕರ್ನಲ್ ಕೆಲಸಕ್ಕೆಂದು ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಶುರು ಮಾಡಿದ್ದು. ಅದೇ ವರ್ಷ ಜುಲೈನಿಂದ ಜುನಿಯೊ ಹಮಾನೊ ನೋಡಿಕೊಳ್ಳುತ್ತಿದ್ದಾರೆ. ಒಳಗಿನ ಕೋಡ್ ಬಹುಪಾಲು ಸಿ, ನಿಜ. ಆದರೆ ಕೈಪಿಡಿ ಬರೀ ಪಠ್ಯ, ಗಿಟ್ ಸರಿಯಾಗಿ ಕೆಲಸ ಮಾಡುತ್ತಾ ಅಂತ ನೋಡುವ ಟೆಸ್ಟ್‌ಗಳು ಹೆಚ್ಚಾಗಿ ಶೆಲ್ ಸ್ಕ್ರಿಪ್ಟ್, ಅಂದರೆ ಟರ್ಮಿನಲ್ ಕಮಾಂಡುಗಳನ್ನೇ ಸಾಲಾಗಿ ಬರೆದ ಫೈಲ್. ಟರ್ಮಿನಲ್‌ನಲ್ಲಿ ನಾಲ್ಕು ಕಮಾಂಡ್ ಹೊಡೆಯಲು ಬಂದರೆ ಸಾಕು.

ಕೋಡ್ ಇಳಿಸಿಕೊಳ್ಳಿ, ಪೂರ್ತಿ

ಗಿಟ್‌ನ ಮೂಲ ಕೋಡನ್ನು ಗಿಟ್‌ನಿಂದಲೇ ಕ್ಲೋನ್ ಮಾಡಬೇಕು, ಅಂದರೆ ನಕಲು ಇಳಿಸಿಕೊಳ್ಳಬೇಕು. ಹಳೆಯ ಇತಿಹಾಸವೆಲ್ಲ ಸೇರಿ ನೂರಾರು ಎಂಬಿ ಇದೆ. ಮೊಬೈಲ್ ಡೇಟಾ ಉಳಿಸೋಣ ಅಂತ 'ಡೆಪ್ತ್ 1' ಹಾಕಿ ಬರೀ ಕೊನೆಯ ಕಮಿಟ್ (ದಾಖಲಾದ ಒಂದು ಬದಲಾವಣೆ) ತರಿಸಿಕೊಳ್ಳುವವರಿದ್ದಾರೆ. ಬೇಡ. ಮುಂದೆ ಆ ಇತಿಹಾಸವೇ ನಿಮಗೆ ಬೇಕಾಗುತ್ತೆ. ಕಾಲೇಜಿನ ವೈಫೈ ಇರುವಾಗ ಒಂದೇ ಸಲ ಪೂರ್ತಿ ಇಳಿಸಿಕೊಂಡು ಬಿಡಿ. ಆಮೇಲೆ ಆ ಫೋಲ್ಡರ್‌ನಲ್ಲಿ 'ಮೇಕ್' ಕಮಾಂಡ್ ಕೊಟ್ಟರೆ ಗಿಟ್ ತಯಾರು. ಯಾವುದೋ ಲೈಬ್ರರಿ ಇಲ್ಲ ಅಂತ ದೂರು ಬಂದರೆ ಅದನ್ನು ಹಾಕಿಕೊಂಡು ಮತ್ತೆ 'ಮೇಕ್' ಕೊಡಿ.

ಕೈಪಿಡಿ ತಿದ್ದುವಾಗ

'ಡಾಕ್ಯುಮೆಂಟೇಶನ್' ಅನ್ನುವ ಫೋಲ್ಡರ್‌ನಲ್ಲಿ ಒಂದೊಂದು ಕಮಾಂಡಿಗೂ ಒಂದೊಂದು ಫೈಲ್ ಇದೆ. ಬರವಣಿಗೆ ಆಸ್ಕಿಡಾಕ್ ಶೈಲಿಯದು, ಅಂದರೆ ಸರಳ ಗುರುತುಗಳಿರುವ ಪಠ್ಯ. ಮೊದಲು ಈ ಫೈಲುಗಳಿಗೆ 'ಟಿಎಕ್ಸ್‌ಟಿ' ಬಾಲ ಇತ್ತು, ಈಗ 'ಎಡಾಕ್'. ಹಳೆ ಲೇಖನ ನೋಡಿಕೊಂಡು ಹುಡುಕಿದರೆ ಸಿಗಲ್ಲ.

ಒಂದೇ ಪದ ಎರಡು ಸಲ ಬಂದಿದ್ದು, ಅಕ್ಷರ ತಪ್ಪಿದ್ದು ಇದೆಲ್ಲ ಸುಲಭ, ಕಂಡ ತಕ್ಷಣ ತಿದ್ದಬಹುದು. ಕೈಪಿಡಿ ಒಂದು ಹೇಳಿ ಕಮಾಂಡ್ ಇನ್ನೊಂದು ಮಾಡುತ್ತಿದ್ದರೆ ಮಾತ್ರ ಸ್ವಲ್ಪ ನಿಲ್ಲಿ. ತಪ್ಪು ಯಾರದು? ಕೈಪಿಡಿಯದೇ ಅಂತ ಸುಮ್ನೆ ಅಂದುಕೊಳ್ಳಬೇಡಿ, ಕೋಡೇ ಹಾದಿ ತಪ್ಪಿರಬಹುದು. ಕಮಿಟ್‌ಗಳ ಇತಿಹಾಸ ತೋರಿಸುವ 'ಗಿಟ್ ಲಾಗ್'ಗೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟು, ಆ ವಾಕ್ಯದ ಒಂದು ತುಣುಕನ್ನು ಹಾಕಿ. ಅದು ಯಾವ ಕಮಿಟ್‌ನಲ್ಲಿ ಬಂತು, ಬರೆದವರು ಏನು ಕಾರಣ ಕೊಟ್ಟಿದ್ದರು, ಎಲ್ಲ ಸಿಗುತ್ತೆ. ಪೂರ್ತಿ ಇಳಿಸಿಕೊಳ್ಳಿ ಅಂದಿದ್ದು ಇದಕ್ಕೇ.

ಇನ್ನೊಂದು ವಿಷಯ. ಕೆಲವು ಫೈಲುಗಳು ಹಲವು ಪುಟಗಳಿಗೆ ಹಂಚಿಕೆಯಾಗುತ್ತವೆ. ಎರಡು ಆವೃತ್ತಿಗಳ ವ್ಯತ್ಯಾಸ ತೋರಿಸುವ ಡಿಫ್‌ನ ಆಯ್ಕೆಗಳ ವಿವರಣೆ ಇರುವುದು ಒಂದೇ ಕಡೆ, ಕಾಣಿಸುವುದು ಡಿಫ್, ಲಾಗ್, ಶೋ ಮೂರರ ಪುಟದಲ್ಲೂ. ಲಾಗ್‌ಗೆ ಅಂತ ನೀವು ಸೇರಿಸಿದ ಸಾಲು ಶೋ ಪುಟದಲ್ಲೂ ಬಂದು ಕೂರುತ್ತೆ. ಅಲ್ಲಿಗೂ ಹೊಂದುತ್ತಾ ಅಂತ ಓದಿ ನೋಡಿ.

ಟೆಸ್ಟ್: ಕೆಲಸ ಇರೋದು ಇಲ್ಲಿ

ಟೆಸ್ಟ್‌ಗಳಿರುವುದು 'ಟಿ' ಅನ್ನುವ ಫೋಲ್ಡರ್‌ನಲ್ಲಿ. ಫೈಲಿನ ಹೆಸರು ಶುರುವಾಗುವುದು ಟಿ ಅಕ್ಷರದಿಂದ, ಆಮೇಲೆ ನಾಲ್ಕು ಅಂಕಿ. ಮೊದಲ ಅಂಕಿ ನೋಡಿದರೆ ವಿಷಯ ತಿಳಿಯುತ್ತೆ: 0 ಅಂದರೆ ತಳಪಾಯ, 4 ಡಿಫ್, 5 ಪುಲ್ (ಬೇರೆ ಕಡೆಯ ಬದಲಾವಣೆ ತರಿಸಿಕೊಳ್ಳುವುದು) ಮತ್ತು ಕೋಡ್ ಹೊರಗೆ ಕಳಿಸುವ ಕಮಾಂಡುಗಳು. ಯಾವ ಸಾಲು ಯಾರು ಬರೆದದ್ದು ಅಂತ ಪತ್ತೆ ಮಾಡುವ ಬ್ಲೇಮ್‌ನಂಥವು 8ರಲ್ಲಿ.

ಎಲ್ಲ ಟೆಸ್ಟ್ ಓಡಿಸಲು ಹೋಗಬೇಡಿ. ಸಕಲೇಶಪುರದ ಕಡೆ ಮಳೆಗಾಲದಲ್ಲಿ ಕರೆಂಟ್ ಬಂದು ಹೋಗುವಷ್ಟರಲ್ಲಿ ಅದು ಮುಗಿಯಲ್ಲ. ನಿಮ್ಮ ಫೈಲ್ ಒಂದನ್ನೇ 'ವಿ', 'ಐ' ಆಯ್ಕೆ ಕೊಟ್ಟು ಓಡಿಸಿ. ವಿ ಕೊಟ್ಟರೆ ನಡೆದದ್ದೆಲ್ಲ ಕಾಣುತ್ತೆ, ಐ ಕೊಟ್ಟರೆ ಮೊದಲ ಸೋಲಿಗೇ ನಿಲ್ಲುತ್ತೆ. ಉಳಿದದ್ದಕ್ಕೆ ಗಿಟ್‌ಹಬ್ ತಾಣದಲ್ಲಿ ನಿಮ್ಮದೊಂದು ಫೋರ್ಕ್ (ಸ್ವಂತ ನಕಲು) ಮಾಡಿ, ಆಕ್ಷನ್ಸ್ (ಟೆಸ್ಟ್ ತಾನಾಗೇ ಓಡಿಸುವ ಸೌಲಭ್ಯ) ಚಾಲೂ ಮಾಡಿ ಪುಶ್ ಕೊಡಿ, ಅಂದರೆ ನಿಮ್ಮ ಕಮಿಟ್ ಅಲ್ಲಿಗೆ ಕಳಿಸಿ. ಅವರ ಯಂತ್ರ ಓಡಿಸುತ್ತೆ.

ಈಗ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಹಳೆಯ ಟೆಸ್ಟ್‌ಗಳಲ್ಲಿ ಹೀಗಿರುತ್ತೆ: 'ಗಿಟ್ ಲಾಗ್', ಆಮೇಲೆ ಪೈಪ್, ಆಮೇಲೆ 'ಗ್ರೆಪ್'. ಪೈಪ್ ಅಂದರೆ ಒಂದು ಕಮಾಂಡ್ ಬರೆದದ್ದನ್ನು ಮುಂದಿನದಕ್ಕೆ ದಾಟಿಸುವ ಗುರುತು, ಗ್ರೆಪ್ ಅಂದರೆ ಪದ ಹುಡುಕುವ ಕಮಾಂಡ್. ಲಾಗ್‌ನಲ್ಲಿ ಇಂಥ ಪದ ಇದೆಯಾ ಅಂತ ನೋಡುವುದು. ಸರಿಯಾಗೇ ಇದೆಯಲ್ಲ ಅನಿಸುತ್ತೆ, ಅಲ್ವಾ? ಆದರೆ ಶೆಲ್ ಪೈಪಿನ ಕೊನೆಯ ಕಮಾಂಡಿನ ಫಲಿತಾಂಶ ಮಾತ್ರ ಕೇಳುತ್ತೆ. ಗಿಟ್ ಆ ಪದ ಬರೆದು, ಮರುಕ್ಷಣ ಕುಸಿದು ಬಿದ್ದಿರಲಿ, ಗ್ರೆಪ್‌ಗೆ ಪದ ಸಿಕ್ಕಿತು, ಟೆಸ್ಟ್ ಪಾಸ್. ತೋಟದಲ್ಲಿ ಕಾಫಿ ಮೂಟೆ ಕೈಯಿಂದ ಕೈಗೆ ದಾಟಿಸಿ ಲಾರಿಗೆ ಹಾಕುವಾಗ ಲಾರಿ ಮೇಲಿರುವವನನ್ನು ಮಾತ್ರ "ಎಲ್ಲ ಸರಿಯೇನಪ್ಪಾ" ಅಂತ ಕೇಳಿದ ಹಾಗೆ. ಹಿಂದೆ ಯಾರೋ ಜಾರಿ ಬಿದ್ದಿದ್ದು ಅವನಿಗೆ ಹೇಗೆ ಗೊತ್ತಾಗಬೇಕು?

ತಿದ್ದುವುದು ಸುಲಭ. ಪೈಪ್ ತೆಗೆಯಿರಿ. ಲಾಗ್‌ನ ಫಲಿತಾಂಶವನ್ನು 'ಆ್ಯಕ್ಚುಯಲ್' ಅನ್ನುವ ಫೈಲಿಗೆ ಬರೆಸಿ, ಮುಂದಿನ ಸಾಲಿನಲ್ಲಿ ಆ ಫೈಲಿನ ಮೇಲೆ ಗ್ರೆಪ್ ಮಾಡಿ. ಎರಡು ಸಾಲಿನ ನಡುವೆ ಜೋಡಿ ಆ್ಯಂಡ್ ಗುರುತು (&&) ಇರಲೇಬೇಕು. ಅದು ತಪ್ಪಿದರೆ ಮೊದಲ ಸಾಲಿನ ಸೋಲು ಸದ್ದಿಲ್ಲದೆ ಮಾಯ. ಟೆಸ್ಟ್ ಲೈಬ್ರರಿಯೇ ಈ ಕೊಂಡಿ ತಪ್ಪಿದ್ದನ್ನು ಹಿಡಿದು ಬೈಯುತ್ತೆ, ಪುಣ್ಯಕ್ಕೆ. ಗಿಟ್ ಪೈಪಿನ ಕೊನೆಯಲ್ಲಿದ್ದರೆ ಮುಟ್ಟಬೇಡಿ, ಅದರ ನಂತರ ಇನ್ನೊಂದು ಕಮಾಂಡ್ ಇದ್ದರೆ ಮಾತ್ರ ತೊಂದರೆ.

ಇದರದೇ ಅಣ್ಣತಮ್ಮ ಇನ್ನೊಂದಿದೆ. ಕಮಾಂಡ್ ಸೋಲಲೇಬೇಕು ಅನ್ನುವ ಕಡೆ ಗಿಟ್ ಅನ್ನುವ ಪದಕ್ಕಿಂತ ಮೊದಲು ಬರೀ ಆಶ್ಚರ್ಯಸೂಚಕ ಹಾಕಿರುತ್ತಾರೆ. ಆಗ ಗಿಟ್ "ಆಗಲ್ಲ" ಅಂತ ನೆಟ್ಟಗೆ ಹೇಳಿ ಹೊರಬಂದರೂ ಪಾಸ್, ಮೆಮೊರಿ ಎಡವಟ್ಟಾಗಿ ಸತ್ತರೂ ಪಾಸ್. ಅಲ್ಲಿ 'ಟೆಸ್ಟ್_ಮಸ್ಟ್_ಫೇಲ್' ಬಳಸಿ. ಅದಕ್ಕೆ ಎರಡರ ವ್ಯತ್ಯಾಸ ಗೊತ್ತು.

ತಿದ್ದಿದ ಮೇಲೆ ಟೆಸ್ಟ್ ಪಾಸಾಯಿತು ಅಂತ ಕಮಿಟ್ ಮಾಡಬೇಡಿ. ಹುಡುಕುವ ಪದವನ್ನು ಬೇಕಂತಲೇ ಕೆಡಿಸಿ ಒಮ್ಮೆ ಓಡಿಸಿ. 'ನಾಟ್ ಓಕೆ' ಬಂತಾ? ಹಾಗಾದರೆ ಟೆಸ್ಟ್‌ಗೆ ಜೀವ ಇದೆ. ಪದ ಮೊದಲಿನಂತೆ ಮಾಡಿ ಮತ್ತೆ ಓಡಿಸಿ. ಈ ಎರಡು ನಿಮಿಷದ ಕೆಲಸವನ್ನು ನಾನೂ ಎಷ್ಟೋ ಸಲ ಬಿಟ್ಟಿದ್ದೇನೆ, ಎರಡು ಸಲ ಮಾನ ಹೋಗಿದೆ.

ಕಮಿಟ್, ಸಹಿ, ರವಾನೆ

ಒಂದು ಕಮಿಟ್‌ಗೆ ಒಂದೇ ವಿಷಯ. ಪೈಪ್ ತಿದ್ದುವಾಗ ಪಕ್ಕದಲ್ಲಿ ಅಕ್ಷರ ತಪ್ಪು ಕಂಡರೆ ಅದಕ್ಕೆ ಬೇರೆ ಕಮಿಟ್. ಸಂದೇಶ ಇಂಗ್ಲಿಷಿನಲ್ಲೇ ಇರಬೇಕು. ಮೊದಲ ಸಾಲು 50 ಅಕ್ಷರದ ಆಸುಪಾಸು: ಮೊದಲು ಜಾಗದ ಹೆಸರು ('ಡಾಕ್' ಅಥವಾ 'ಟಿ4013' ಥರ), ಆಮೇಲೆ ಕೋಲನ್, ಆಮೇಲೆ "ಇದನ್ನು ಮಾಡು" ಅಂತ ಆಜ್ಞೆ ಕೊಡುವ ಧಾಟಿಯ ವಾಕ್ಯ, ಕೊನೆಗೆ ಚುಕ್ಕಿ ಇಲ್ಲ. ಕೆಳಗೆ ಯಾಕೆ ಅಂತ ಬರೆಯಿರಿ. ಏನು ಬದಲಾಯಿತು ಅನ್ನುವುದು ಪ್ಯಾಚ್‌ನಲ್ಲೇ (ಬದಲಾದ ಸಾಲುಗಳ ಪಟ್ಟಿ) ಕಾಣುತ್ತೆ, ಯಾಕೆ ಅನ್ನುವುದು ಕಾಣಲ್ಲ.

ಕಮಿಟ್ ಮಾಡುವಾಗ ಚಿಕ್ಕಕ್ಷರದ ಎಸ್ ಆಯ್ಕೆ ಹಾಕಿದರೆ ಕೊನೆಯಲ್ಲಿ ನಿಮ್ಮ ಹೆಸರಿನ ಸಹಿ ಬೀಳುತ್ತೆ. ಬೇಲೂರಿನ ದೇವಸ್ಥಾನದಲ್ಲಿ ದಾಸೋಜ, ಚಾವಣ ಅಂತ ಶಿಲ್ಪಿಗಳು ಹೆಸರು ಕೆತ್ತಿಕೊಂಡಿದ್ದಾರಲ್ಲ, ಅಂಥ ಸಹಿ ಅಲ್ಲ ಇದು. "ಈ ಬದಲಾವಣೆಯನ್ನು ಕೊಡುವ ಹಕ್ಕು ನನಗಿದೆ" ಅಂತ ಒಪ್ಪಿಕೊಂಡ ಸಹಿ. ಇದಿಲ್ಲದೆ ಪ್ಯಾಚ್ ತೆಗೆದುಕೊಳ್ಳಲ್ಲ.

ಪ್ಯಾಚ್ ಹೋಗುವುದು ಗಿಟ್‌ನ ಮೇಲಿಂಗ್ ಲಿಸ್ಟ್‌ಗೆ, ಇಮೇಲ್‌ನಲ್ಲಿ. 'ಫಾರ್ಮ್ಯಾಟ್-ಪ್ಯಾಚ್' ಫೈಲ್ ಮಾಡಿಕೊಡುತ್ತೆ, 'ಸೆಂಡ್-ಇಮೇಲ್' ಕಳಿಸುತ್ತೆ. ಪುಲ್ ರಿಕ್ವೆಸ್ಟ್ (ಗಿಟ್‌ಹಬ್‌ನಲ್ಲೇ ಬದಲಾವಣೆ ಒಪ್ಪಿಸುವ ದಾರಿ) ರೂಢಿ ಇರುವವರಿಗೆ ಗಿಟ್‌ಗಿಟ್‌ಗ್ಯಾಜೆಟ್ ಇದೆ. ನೀವು ಗಿಟ್‌ಹಬ್‌ನಲ್ಲಿ ಹಾಕಿದ್ದನ್ನು ಅದೇ ಇಮೇಲ್ ಮಾಡುತ್ತೆ. ನಾನು ಮೊದಲ ಸಲ ಪ್ಯಾಚನ್ನು ಬ್ರೌಸರ್‌ನ ಮೇಲ್‌ಗೆ ಕಾಪಿ-ಪೇಸ್ಟ್ ಮಾಡಿ ಕಳಿಸಿದೆ. ಟ್ಯಾಬ್‌ಗಳೆಲ್ಲ ಸ್ಪೇಸ್ ಆಗಿ ಹೋಗಿದ್ದವು. ಯಾರ ಯಂತ್ರದಲ್ಲೂ ಅದು ಅಂಟಲಿಲ್ಲ. ಆಗಿನಿಂದ ಮೊದಲು ನನ್ನ ವಿಳಾಸಕ್ಕೇ ಕಳಿಸಿಕೊಂಡು, ಆ ಮೇಲನ್ನು ಉಳಿಸಿ, ಮೇಲ್‌ನ ಪ್ಯಾಚನ್ನು ಕೋಡಿಗೆ ಅಂಟಿಸುವ 'ಗಿಟ್ ಎಎಂ' ಕೊಟ್ಟು ನೋಡುತ್ತೇನೆ.

ತಿದ್ದಿ ಅಂತ ಉತ್ತರ ಬಂದರೆ ಹಳೆಯ ಕಮಿಟ್ ಮೇಲೆ ಇನ್ನೊಂದು ಕಮಿಟ್ ಪೇರಿಸಬೇಡಿ. ಹಳೆಯದನ್ನೇ ಸರಿ ಮಾಡಿ, 'ವಿ2' (ಎರಡನೇ ಆವೃತ್ತಿ) ಅಂತ ಗುರುತು ಹಾಕಿ ಮತ್ತೆ ಕಳಿಸಿ. ಅರಸೀಕೆರೆಯ ಹುಡುಗಿ ಈಗ ವಿ3ರಲ್ಲಿದ್ದಾಳೆ. ಪೈಪ್ ತೆಗೆದದ್ದು ಎಲ್ಲರಿಗೂ ಒಪ್ಪಿಗೆಯಂತೆ, ತಕರಾರು ಇರುವುದು ಸಂದೇಶದ ಎರಡನೇ ಪ್ಯಾರಾ ಬಗ್ಗೆ.